ವಿಷ ಸೋಕಿದ ಬಟ್ಟೆ ಮೊದಲು ತೆಗೆಯಿರಿ

ರಾಸಾಯನಿಕ ದಾಳಿ, ವಿಷಾನಿಲ, ಸ್ಫೋಟಕ ಎಂಬ ಸುದ್ದಿ ಓದಿದಾಗ 'ಅದು ಪರದೇಶದ ಮಾತು' ಎಂದು ನೀವು ಪುಟ ತಿರುಗಿಸುತ್ತೀರಿ. ಹಂಪಸಾಗರದಲ್ಲಿ ಕುಳಿತು ಓದುವವರಿಗೆ ಹಾಗೆನ್ನಿಸುವುದು ಸಹಜವೇ. ಆದರೆ ಹೊಲಕ್ಕೆ ಹೊಡೆಯಲೆಂದು ತಂದು ಬಾಗಿಲ ಹಿಂದೆ ಇಟ್ಟಿರುವ ಕೀಟನಾಶಕದ ಬಾಟಲಿಯನ್ನು ಒಮ್ಮೆ ನೆನಪಿಸಿಕೊಳ್ಳಿ.

1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಮತೀಯ ಪಂಥವೊಂದರವರು ಸರಿನ್ ಎಂಬ ವಿಷ ಹರಡಿದರು. ಐದು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಹೋದರು. ಅಲ್ಲಿ ಆದದ್ದೇನೆಂದರೆ, ರೋಗಿಗಳ ಬಟ್ಟೆ ತೆಗೆಸದೆ ಒಳಗೆ ಕರೆದುಕೊಂಡದ್ದರಿಂದ, ಬಟ್ಟೆಯಿಂದ ಎದ್ದ ಆವಿ ದಾದಿಯರಿಗೂ ವೈದ್ಯರಿಗೂ ತಾಗಿತು. ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಸದಸ್ಯ ದೇಶಗಳ ಸಿಬ್ಬಂದಿಗೆ ಈಗ ನಡೆಸುವ ತರಬೇತಿಗಳಲ್ಲಿ ವಿಷ ಕಳೆಯುವ ಈ ಕ್ರಮಕ್ಕೆ ದೊಡ್ಡ ಸ್ಥಾನವಿದೆ. ಭಾರತವೂ ಅದರ ಸದಸ್ಯ. ಇಂಟರ್‌ಪೋಲ್ ಕೂಡ ಇಂಥ ವಸ್ತುಗಳು ದುಷ್ಟರ ಕೈ ಸೇರದಂತೆ ತಡೆಯುವುದನ್ನು ಅಧಿಕಾರಿಗಳಿಗೆ ಕಲಿಸುತ್ತದೆ.

ಸರಿನ್‌ಗೂ ಹೊಲದ ಔಷಧಿಗೂ ಏನು ನಂಟು? ಎರಡೂ ಒಂದೇ ಮನೆತನ. 1930ರ ದಶಕದಲ್ಲಿ ಜರ್ಮನಿಯಲ್ಲಿ ಕೀಟನಾಶಕ ಹುಡುಕುವಾಗಲೇ ಸರಿನ್ ಸಿಕ್ಕಿತು. ಆರ್ಗನೋಫಾಸ್ಫೇಟ್ ಎಂಬ ಈ ಗುಂಪು ನರಗಳ ಸಂದೇಶ ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು, ಬೆವರು ಸುರಿಯುತ್ತವೆ, ಸ್ನಾಯು ಅದುರುತ್ತದೆ, ಉಸಿರು ಕಟ್ಟುತ್ತದೆ. ಅಟ್ರೋಪಿನ್ ಚುಚ್ಚುಮದ್ದು ಎರಡಕ್ಕೂ ಒಂದೇ.

ನಮ್ಮ ರಾಜ್ಯದಲ್ಲೇ ಇದರ ಕಹಿ ಉದಾಹರಣೆಯಿದೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದ 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಬೇಕೆಂದೇ ಬೆರೆಸಿದ್ದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಎಂದು ತನಿಖೆ ಹೇಳಿತು. ಅನ್ನದಲ್ಲಿ ಕೆಟ್ಟ ವಾಸನೆಯಿತ್ತು, ಮುಂದಿದ್ದವರು ಅದನ್ನು ಲೆಕ್ಕಿಸದೆ ತಿಂದರು ಎಂದು ಬದುಕಿದವರು ಹೇಳಿದ್ದರು. ಪ್ರಸಾದವೇ ಆದರೂ ವಾಸನೆ ಬಂದರೆ ಬಿಡಿ, ದೇವರು ಮುನಿಯುವುದಿಲ್ಲ.

ವಿಷ ಮೈಗೆ ಚೆಲ್ಲಿದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಟ್ಟೆ ತೆಗೆಯಿರಿ. ತಲೆಯ ಮೇಲಿಂದ ಎಳೆಯಬೇಡಿ, ಕತ್ತರಿಸಿ. ಸಾಬೂನು, ಧಾರಾಳ ನೀರಿನಿಂದ ಮೈ ತೊಳೆಯಿರಿ. ಉಗುರು, ಕೂದಲು ಮರೆಯಬೇಡಿ. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಚೀಟಿ ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಅನಿಲ ಸೋರಿದ್ದರೆ ಗಾಳಿ ಬರುವ ದಿಕ್ಕಿನತ್ತ ಸುತ್ತಿ ಹೋಗಿ, ಎತ್ತರದ ಜಾಗ ಸೇರಿ. ತಗ್ಗಿನಲ್ಲಿ ಅಡಗಬೇಡಿ.

ಸ್ಫೋಟಕದ ವಿಷಯವೂ ದೂರದ್ದಲ್ಲ. 2021ರ ಜನವರಿ 21ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಕ್ವಾರಿಯ ಸ್ಫೋಟಕ ಸಿಡಿದು ಜೀವಗಳು ಹೋದವು. ಕ್ವಾರಿ ಬಳಿ ತಂತಿ ಸಿಕ್ಕಿಸಿದ ಚಿಕ್ಕ ಕೊಳವೆ ಮಕ್ಕಳಿಗೆ ಸಿಕ್ಕರೆ ಮುಟ್ಟದೆ ದೂರ ಬಂದು, 112ಕ್ಕೆ ತಿಳಿಸಲು ಹೇಳಿಕೊಡಿ. ಇನ್ನು ಮನೆಯ ಕೀಟನಾಶಕವನ್ನು ಈ ಸಂಜೆಯೇ ಬೀಗ ಹಾಕುವ ಪೆಟ್ಟಿಗೆಗೆ ಸೇರಿಸಿ. ನೀರಿನ ಬಾಟಲಿಗೆ ಬಗ್ಗಿಸಿಟ್ಟಿದ್ದರಂತೂ ಈಗಲೇ ಏಳಿ.