ಚೀನಾದ ಬಟ್ಟಲಲ್ಲಿ ನಮ್ಮ ಕಂಞಿ

ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಗಂಜಿ, ಹಲ್ಲಿಲ್ಲದ ಅಜ್ಜಿಗೆ ಗಂಜಿ. ನಮ್ಮ ಮನೆಗಳಲ್ಲಿ ಈಗ ಗಂಜಿಗೆ ಉಳಿದಿರುವ ಜಾಗ ಇಷ್ಟೇ. ಗಂಜಿ ಉಣ್ಣುವ ಹೊತ್ತಿಗೆ ನೆಂಟರು ಬಂದರೆ ಪಾತ್ರೆ ಮುಚ್ಚಿಡುವವರೂ ನಮ್ಮಲ್ಲಿ ಇದ್ದಾರೆ. ಆದರೆ ಹಾಂಗ್‌ಕಾಂಗ್‌ಗೋ, ಚೀನಾದ ಗುವಾಂಗ್‌ಝೌ ನಗರಕ್ಕೋ ಹೋದವರನ್ನು ಕೇಳಿ ನೋಡಿ. ಅಲ್ಲಿ ಗಂಜಿಗಾಗಿಯೇ ಹೋಟೆಲುಗಳಿವೆ. ಜನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ರಾತ್ರಿ ಕೆಲಸ ಮುಗಿಸಿದ ಮೇಲೆ, ಕಾಸು ಕೊಟ್ಟು ಖುಷಿಯಿಂದ ಗಂಜಿ ಉಣ್ಣುತ್ತಾರೆ.

ಇದಕ್ಕೆ ಇಂಗ್ಲಿಷಿನಲ್ಲಿ 'ಕಾಂಜಿ' ಅಂತಾರೆ. ಈ ಹೆಸರು ಚೀನಾದ್ದಲ್ಲ, ನಮ್ಮ ಕಡೆಯದ್ದೇ. ತಮಿಳಿನ ಕಂಜಿ, ಮಲಯಾಳ-ಬ್ಯಾರಿಯ ಕಂಞಿ, ಕನ್ನಡ-ತುಳುವಿನ ಗಂಜಿ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಪೋರ್ಚುಗೀಸರು ಈ ಕರಾವಳಿಯಲ್ಲಿ ಕೇಳಿದ ಮಾತು ಮುಂದೆ ಇಂಗ್ಲಿಷಿಗೆ ಹೋಯಿತು. 1563ರಲ್ಲಿ ಗೋವಾದಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ, ರೋಗಿಗಳಿಗೆ ಅಕ್ಕಿಯ ತಿಳಿಗೆ ಕಾಳುಮೆಣಸು, ಜೀರಿಗೆ ಹಾಕಿ ಕೊಡುವುದನ್ನು ಬರೆದಿದ್ದಾನೆ. ನಮ್ಮ ಜೀರಿಗೆ ಗಂಜಿ ನೆನಪಾಗುವುದಿಲ್ಲವೇ? ಚೀನಿ ಭಾಷೆಯಲ್ಲಿ ಮಾತ್ರ ಇದರ ಹೆಸರು ಬೇರೆ. ಉತ್ತರದವರು 'ಝೌ' ಅಂತಾರೆ, ಹಾಂಗ್‌ಕಾಂಗ್‌ನವರು 'ಜುಕ್' ಅಂತಾರೆ.

ಅಂಗಡಿಯೊಳಗೆ

ಹಾಂಗ್‌ಕಾಂಗ್‌ನ ಗಂಜಿ ಅಂಗಡಿಯಲ್ಲಿ ಥಳಕು ಬಳುಕು ಇಲ್ಲ. ಚಿಕ್ಕ ಜಾಗ, ಒತ್ತೊತ್ತಾಗಿ ಮೇಜುಗಳು. ಜಾಗ ಇಲ್ಲದಿದ್ದರೆ ಗುರುತಿಲ್ಲದವರ ಜೊತೆ ಅದೇ ಮೇಜಿನಲ್ಲಿ ಕೂರಬೇಕು, ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ. ದೊಡ್ಡ ಹಂಡೆಯಲ್ಲಿ ಬಿಳಿ ಗಂಜಿ ಕುದಿಯುತ್ತಲೇ ಇರುತ್ತದೆ. ನೀವು ಹೇಳಿದ ಮೇಲೆ ಸ್ವಲ್ಪ ಗಂಜಿಯನ್ನು ಬೇರೆ ಪಾತ್ರೆಗೆ ಹಾಕಿ ಮೀನಿನ ತೆಳು ಹೋಳು, ಕೋಳಿ, ಇಲ್ಲವೇ ಸಿಗಡಿ ಸೇರಿಸಿ ಕುದಿಸಿ ಕೊಡ್ತಾರೆ. ಮೇಲೆ ಎಳೆ ಎಳೆಯಾಗಿ ಕೊಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಬಿಳಿ ಮೆಣಸಿನ ಪುಡಿ. ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲು. ಅದನ್ನು ಮುರಿದು ಗಂಜಿಯಲ್ಲಿ ಅದ್ದಿ ತಿನ್ನುವುದು, ನಾವು ಚಹಾಕ್ಕೆ ರಸ್ಕ್ ಅದ್ದಿದ ಹಾಗೆ.

ಅವರ ಗಂಜಿಯಲ್ಲಿ ಅನ್ನದ ಅಗುಳು ಕಾಣುವುದಿಲ್ಲ. ಒಂದು ಲೋಟ ಬೆಳ್ತಿಗೆ ಅಕ್ಕಿಗೆ ಹತ್ತು ಲೋಟದಷ್ಟು ನೀರಿಟ್ಟು, ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಹೆಚ್ಚು ಬೇಯಿಸಿ, ಅಕ್ಕಿ ಕರಗಿ ಪಾಯಸದಂತಾದ ಮೇಲೆಯೇ ಬಡಿಸುವುದು. ಆದರೆ ಅದೇ ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವ್‌ಝೌ ಕಡೆಯವರ ಗಂಜಿ ಬೇರೆ. ಅಗುಳು ಬಿಡಿ ಬಿಡಿ, ಮೇಲೆ ತಿಳಿ. ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ತರಕಾರಿ, ಉಪ್ಪು ಮೊಟ್ಟೆ, ಮೀನು. ನಮ್ಮ ಕುಚ್ಚಲಕ್ಕಿ ಗಂಜಿ, ಚಟ್ನಿ, ಸುಟ್ಟ ಒಣಮೀನಿಗೂ ಇದಕ್ಕೂ ಏನು ದೂರ ಹೇಳಿ?

ತಿನ್ನುವ ಮುಂಚೆ ಕೇಳಿ

ವ್ಯಾಪಾರಕ್ಕೋ ಕೆಲಸಕ್ಕೋ ಆ ಕಡೆ ಹೋಗುವ ನಮ್ಮ ಮಕ್ಕಳು ಒಂದು ವಿಷಯ ತಿಳಿದಿರಬೇಕು. ಅಲ್ಲಿಯ ಹೆಸರುವಾಸಿ ಗಂಜಿಗಳಲ್ಲೊಂದು ಹಂದಿಮಾಂಸ ಮತ್ತು ಕಪ್ಪಾಗಿಸಿದ ಮೊಟ್ಟೆಯದ್ದು. ಅದು ಬೇಡ ಅಂತ ಎಲ್ಲರಿಗೂ ಗೊತ್ತು. ಆದರೆ 'ಮೀನಿನ ಗಂಜಿ ತಾನೇ' ಅಂತ ಧೈರ್ಯ ಮಾಡುವಂತಿಲ್ಲ. ಹಂಡೆಯ ಗಂಜಿಯನ್ನೇ ಹಂದಿ ಎಲುಬು ಹಾಕಿ ಬೇಯಿಸಿರಬಹುದು, ಮೀನಿನ ಹೋಳಿಗೆ ಅಕ್ಕಿಯ ಮದ್ಯ ಸವರಿರಬಹುದು, ಕರಿದ ಕೋಲಿಗೆ ಬಳಸಿದ ಎಣ್ಣೆ ಯಾವುದೋ. ಬಣ್ಣದಲ್ಲಿ, ವಾಸನೆಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ಹಾಗಂತ ಉಪವಾಸ ಇರಬೇಕಾಗಿಲ್ಲ. ಚೀನಾದಲ್ಲಿ ಹಲಾಲ್ ಹೋಟೆಲುಗಳ ಫಲಕದಲ್ಲಿ 'ಚಿಂಗ್‌ಝೆನ್' ಎಂಬ ಎರಡು ಅಕ್ಷರ ಇರುತ್ತದೆ, ಹೆಚ್ಚಾಗಿ ಜೊತೆಗೆ ಅರಬಿಯಲ್ಲಿ 'ಹಲಾಲ್' ಎಂದೂ ಇರುತ್ತದೆ. ಹೋಗುವ ಮುಂಚೆಯೇ ಆ ಎರಡು ಅಕ್ಷರಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರೆ ಉಪಕಾರ. ಹಾಂಗ್‌ಕಾಂಗ್‌ನ ವಾನ್‌ಚಾಯ್‌ನಲ್ಲಿರುವ ಅಮ್ಮಾರ್ ಮಸೀದಿಯ ಕಟ್ಟಡದಲ್ಲೇ ಚೀನಿ ಅಡುಗೆಯ ಹಲಾಲ್ ಕ್ಯಾಂಟೀನ್ ಇದೆ. ಹೊಸ ಊರಿನಲ್ಲಿ ಮೊದಲು ಮಸೀದಿ ಹುಡುಕಿ, ಊಟದ ದಾರಿ ಅಲ್ಲಿಂದ ತಾನಾಗಿ ತೆರೆಯುತ್ತದೆ.

ಮನೆಯಲ್ಲೇ ಮಾಡಬಹುದು

ಇದನ್ನು ನಮ್ಮ ಅಡುಗೆಮನೆಯಲ್ಲೇ ಮಾಡುವುದು ಕಷ್ಟವೇನಲ್ಲ. ಬೆಳ್ತಿಗೆ ಅಕ್ಕಿ ತೊಳೆದು, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಇಡಿ. ಹತ್ತು ಪಾಲು ನೀರಿನಲ್ಲಿ ಎಲುಬಿರುವ ಕೋಳಿ ತುಂಡು, ಶುಂಠಿ ಹಾಕಿ ಕುದಿ ಬಂದ ಮೇಲೆ ಅಕ್ಕಿ ಸೇರಿಸಿ. ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸಿ. ಕೋಳಿ ಬೆಂದಾಗ ತೆಗೆದು ಎಳೆ ಎಳೆಯಾಗಿ ಬಿಡಿಸಿ, ಎಲುಬು ಬಿಸಾಡಿ, ಕೊನೆಗೆ ಗಂಜಿಗೆ ಸೇರಿಸಿ. ಮೆಣಸಿನ ಪುಡಿ ಉದುರಿಸಿದರೆ ಮುಗೀತು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಜಾಗ್ರತೆ. ಇಷ್ಟು ಕರಗಿದ ಬಿಳಿ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಥಟ್ಟನೆ ಏರಿಸುತ್ತದೆ. ಅಂಥವರಿಗೆ ಸ್ವಲ್ಪವೇ ಕೊಡಿ, ಕೋಳಿ ಜಾಸ್ತಿ ಹಾಕಿ.

ಗಂಜಿಯ ಮರ್ಯಾದೆ

ಬರ ಬಂದಾಗ ಚೀನಾದ ಅರಸರ ಕಾಲದಲ್ಲಿ ಬಡವರಿಗಾಗಿ ಗಂಜಿಯ ಅಡುಗೆಮನೆಗಳನ್ನು ತೆರೆಯುತ್ತಿದ್ದರು. ನಮ್ಮಲ್ಲೂ ನೆರೆ ಬಂದರೆ ತೆರೆಯುವುದು 'ಗಂಜಿ ಕೇಂದ್ರ'ವೇ. ಬಹುಶಃ ಅದಕ್ಕೇ ಗಂಜಿ ಅಂದರೆ ಬಡತನ ಅನ್ನುವ ಭಾವನೆ ಕೂತಿರಬೇಕು. ಆದರೆ ರಮಳಾನ್‌ನಲ್ಲಿ ತಮಿಳುನಾಡಿನ ಮಸೀದಿಗಳಲ್ಲಿ ನೋಂಬು ಕಂಜಿ ಕುದಿಯುತ್ತದೆ. ಕೌಲಾಲಂಪುರದ ಕಂಪುಂಗ್ ಬಾರು ಮಸೀದಿಯಲ್ಲಿ 'ಬುಬುರ್ ಲಂಬುಕ್' ಎಂಬ ಮಾಂಸದ ಗಂಜಿಗೆ ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ಬಡವ ಶ್ರೀಮಂತ ಅಂತ ಬೇರೆ ಬೇರೆ ಪಾತ್ರೆ ಇಲ್ಲ.

ಬುಖಾರಿಯಲ್ಲಿ ಬರುವ ಒಂದು ವಿಷಯ ಹೇಳಿ ಮುಗಿಸುತ್ತೇವೆ. ಮರಣವಾದ ಮನೆಯವರಿಗಾಗಿ ಹಜ್ರತ್ ಆಯಿಷಾ (ರ) ಅವರು 'ತಲ್ಬೀನ' ಮಾಡಿಸುತ್ತಿದ್ದರು. ಅದು ಹಿಟ್ಟಿನ ತೆಳ್ಳಗಿನ ಗಂಜಿ. ಅದು ರೋಗಿಯ ಮನಸ್ಸಿಗೆ ಸಮಾಧಾನ ಕೊಡುತ್ತದೆ, ದುಃಖವನ್ನು ಸ್ವಲ್ಪ ಇಳಿಸುತ್ತದೆ ಎಂದು ಪ್ರವಾದಿಯವರು (ಸ) ಹೇಳಿದ್ದನ್ನು ಅವರು ಕೇಳಿದ್ದರು. ಇವತ್ತು ಮಯ್ಯಿತ್ ಆದ ಮನೆಗೆ ನಾವು ಬಿರಿಯಾನಿಯ ಡೇಗ್ ಕಳಿಸುತ್ತೇವೆ. ದೂರದಿಂದ ಬಂದವರು ಉಣ್ಣುತ್ತಾರೆ, ಸರಿ. ಆದರೆ ಗಂಡನನ್ನು ಕಳಕೊಂಡು ಒಳಕೋಣೆಯಲ್ಲಿ ಕೂತ ಹೆಣ್ಣುಮಗಳಿಗೆ ಆ ತುತ್ತು ಗಂಟಲಲ್ಲಿ ಇಳಿಯುತ್ತದೆಯೇ? ಮುಂದಿನ ಸಲ ಆ ಡೇಗಿನ ಜೊತೆ ಒಂದು ಚಿಕ್ಕ ಪಾತ್ರೆಯಲ್ಲಿ ಬಿಸಿ ಗಂಜಿಯೂ ಹೋಗಲಿ. ಅದು ಅವಳಿಗೆ.