ಕಿತ್ತಿಟ್ಟ ಡಿಸ್ಕಿನಲ್ಲಿ ಏನಿತ್ತು?

ಮದುವೆ ಫೋಟೊ ತೆಗೆಯುವವರ ಮೇಜಿನ ಖಾನೆ ಎಳೆದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳ ಸಾಲೇ ಇರುತ್ತದೆ. ಹಳೆಯ ಗಿರಾಕಿ ಫೋನ್ ಮಾಡಿ ಒಂದು ಫೋಟೊ ಕೇಳಿದರೆ, ಒಂದೊಂದನ್ನೇ ಚುಚ್ಚಿ ಹುಡುಕಬೇಕು. ಯಾವುದರಲ್ಲಿ ಏನಿದೆಯೆಂದು ಕಂಪ್ಯೂಟರಿಗೆ ನೆನಪಿರುವುದಿಲ್ಲ, ನಿನ್ನೆಯಷ್ಟೇ ಅದನ್ನು ಓದಿದ್ದರೂ.

ಹುಡುಕಾಟ ಚುರುಕಾಗುವುದು ಮೊದಲೇ ಕಟ್ಟಿಟ್ಟ ಸೂಚಿಯಿಂದ. ವಿಂಡೋಸ್ ನಮ್ಮ ಸ್ವಂತ ಫೋಲ್ಡರುಗಳಿಗೆ ಅದನ್ನು ತಾನಾಗಿಯೇ ಕಟ್ಟುತ್ತದೆ. ಹೊರಗಿಂದ ಚುಚ್ಚುವ ಡಿಸ್ಕಿಗಾಗಲಿ ಪೆನ್‌ಡ್ರೈವಿಗಾಗಲಿ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಆಗ ಫೋಲ್ಡರಿನಿಂದ ಫೋಲ್ಡರಿಗೆ ಅಲೆಯಬೇಕು. ತಿರುಗುವ ಡಿಸ್ಕಿನಲ್ಲಿ ಓದುವ ಹೆಡ್ ಜಾಗ ಬದಲಿಸಲು ಸುಮಾರು 10 ಮಿಲಿಸೆಕೆಂಡ್ ಬೇಕು. 10,000 ಫೋಲ್ಡರುಗಳಿದ್ದರೆ ಬರೀ ಓಡಾಟಕ್ಕೇ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹೋಯಿತು. ವಿಂಡೋಸಿನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಳದಾರಿಯೊಂದಿದೆ: ಪ್ರತಿ ಫೈಲಿಗೂ ಸಾಮಾನ್ಯವಾಗಿ 1 ಕೆಬಿಯ ದಾಖಲೆ ಇರುವ ಮಾಸ್ಟರ್ ಫೈಲ್ ಟೇಬಲ್. ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶ ನೇರವಾಗಿ ಅದನ್ನೇ ಓದುತ್ತದೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾದ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಅಂಥ ಟೇಬಲ್ ಇಲ್ಲ.

ನನ್ನ ತಕರಾರು ವೇಗದ್ದಲ್ಲ, ಮರೆವಿನದು. 1984ರ ಮ್ಯಾಕಿಂಟಾಷ್, ಫ್ಲಾಪಿ ಹೊರಬಂದ ಮೇಲೂ ಅದರ ಚಿತ್ರವನ್ನು ಮಸುಕಾಗಿ ತೆರೆಯ ಮೇಲೆ ಉಳಿಸಿಕೊಳ್ಳುತ್ತಿತ್ತು. ಬೇಕಾದಾಗ ಹೆಸರು ಹೇಳಿ ಆ ಫ್ಲಾಪಿಯನ್ನೇ ಕೇಳುತ್ತಿತ್ತು. ಅದಕ್ಕಿದ್ದ ಮೆಮೊರಿ 128 ಕೆಬಿ! ಇವತ್ತು ಒಂದು ಫೈಲಿನ ಹೆಸರು, ದಾರಿ ಬರೆದಿಡಲು 100 ಬೈಟ್ ಹಿಡಿದರೂ ಲಕ್ಷ ಫೈಲುಗಳ ಪಟ್ಟಿ 10 ಎಂಬಿಯಲ್ಲಿ ಮುಗಿಯುತ್ತದೆ.

ಈ ಪಟ್ಟಿ ಯಾವ ಡಿಸ್ಕಿನದೆಂದು ಗುರುತು ಹಿಡಿಯಲು ಡ್ರೈವಿನ ಅಕ್ಷರ ಸಾಲದು; ಇವತ್ತು ‘ಇ’ ಆದದ್ದು ನಾಳೆ ‘ಎಫ್’ ಆಗುತ್ತದೆ. ಫಾರ್ಮ್ಯಾಟ್ ಮಾಡುವಾಗ ಬೀಳುವ ಕ್ರಮಸಂಖ್ಯೆಯನ್ನು ಪಟ್ಟಿಗೆ ಕಟ್ಟಬೇಕು. ಡಿಸ್ಕು ಮರಳಿ ಬಂದಾಗ, ಎನ್‌ಟಿಎಫ್‌ಎಸ್ ಆಗಿದ್ದು ಬದಲಾವಣೆಗಳ ಜರ್ನಲ್ ಚಾಲೂ ಇದ್ದರೆ, ಹೊಸದನ್ನಷ್ಟೇ ಓದಿದರಾಯಿತು. ಫ್ಯಾಟ್ ಆದರೆ ಮತ್ತೆ ಮೊದಲಿಂದ. ಡಿಸ್ಕು ಬರುವವರೆಗೆ ‘ಇದು ಇಂಥ ದಿನದ ಪಟ್ಟಿ’ ಎಂದು ತೋರಿಸಿದರೆ ಸಾಕು.

ಆ್ಯಪಲ್ 2005ರಲ್ಲಿ ತಂದ ಸ್ಪಾಟ್‌ಲೈಟ್ ಸೂಚಿಯನ್ನು ಆಯಾ ಡಿಸ್ಕಿನೊಳಗೇ ಗುಪ್ತ ಫೋಲ್ಡರಿನಲ್ಲಿ ಬರೆಯುತ್ತದೆ. ಡಿಸ್ಕು ಹೋದರೆ ಸೂಚಿಯೂ ಜತೆಗೇ ಹೋಯಿತು. ಅದರ ಒಂದು ಪ್ರತಿ ಕಂಪ್ಯೂಟರಿನಲ್ಲಿಯೂ ಇರಬೇಕು.

ಆದರೆ ಎಲ್ಲ ಕಂಪ್ಯೂಟರಿನಲ್ಲೂ ಅಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಿಗೆಂದು ಚುಚ್ಚಿದ ಪೆನ್‌ಡ್ರೈವಿನ ಫೈಲುಗಳ ಹೆಸರು ಅಲ್ಲೇ ಉಳಿದರೆ ಗ್ರಹಚಾರ. ಹಾಗಾಗಿ ‘ಈ ಡಿಸ್ಕನ್ನು ನೆನಪಿಡಲೇ?’ ಎಂದು ಮೊದಲ ಸಲ ಕೇಳಬೇಕು, ಉತ್ತರ ಬರದಿದ್ದರೆ ಬೇಡ ಎಂದೇ ತಿಳಿಯಬೇಕು.