ಅತ್ತೆಯ ಕಿಡ್ನಿ, ಕಾಕಾನ ಗುಳಿಗೆ

ದಸರಾ ರಜೆಗೆ ಊರು ಗೊರೇಬಾಳಕ್ಕೆ ಹೋಗಿದ್ದೆ. ರಾತ್ರಿ ಎಂಟರ ಹೊತ್ತು. ಕಾಕಾ ಗುಳಿಗೆ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು, ಮುಚ್ಚಳ ತೆಗೆದಿರಲಿಲ್ಲ.

‘ತಮ್ಮಾ, ಎರಡು ವರ್ಷ ಆತು. ಗದ್ದಿಗೆ ಹೋಗ್ತೀನಿ, ಚಂದಂಗ ಉಣ್ತೀನಿ. ಇನ್ನೂ ಯಾಕ ಈ ಗುಳಿಗಿ? ಕಿಡ್ನಿ ಏನು ಮಂದಿದಾ? ನಮ್ಮಕ್ಕಂದ ಐತಿ’ ಅಂದರು.

ಆ ವಾರ ಮೂರು ಹೊತ್ತು ಗುಳಿಗೆ ತಪ್ಪಿಸಿದ್ದೂ ಆಗ ಗೊತ್ತಾಯಿತು. ‘ಡಾಕ್ಟ್ರು ಹೇಳ್ಯಾರ, ತಗೊ’ ಎನ್ನುವುದನ್ನು ಬಿಟ್ಟರೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಓದುವುದು ಬಿಇ. ಪಿಯುಸಿ ಮುಗಿದ ಮೇಲೆ ಬಯಾಲಜಿ ಪುಸ್ತಕ ಮುಟ್ಟಿರಲಿಲ್ಲ. ಆ ರಾತ್ರಿ ಮೊಬೈಲ್ ಹಿಡಿದು ಓದಲು ಕೂತೆ.

ನಮ್ಮ ಬಹುತೇಕ ಜೀವಕೋಶಗಳ ಮೈಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳಿರುತ್ತವೆ. ರೋಗನಿರೋಧಕ ಪಡೆಯ ಟಿ ಕೋಶಗಳು ಇವನ್ನು ನೋಡಿಯೇ ‘ನಮ್ಮವರು, ಹೊರಗಿನವರು’ ಎಂದು ಗುರುತಿಸುವುದು. ಇವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಹಾಗಾಗಿ ಒಡಹುಟ್ಟಿದವರಲ್ಲೂ ಪೂರ್ತಿ ಹೊಂದಾಣಿಕೆಯಾಗುವ ಸಾಧ್ಯತೆ 4ರಲ್ಲಿ 1 ಮಾತ್ರ. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ‍್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಗೆದ್ದದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಅತ್ತೆ, ಕಾಕಾ ಅವಳಿಗಳಲ್ಲ. ಪ್ರೀತಿ ಎಷ್ಟಿದ್ದರೂ ಟಿ ಕೋಶಕ್ಕೆ ಅದು ಕಾಣದು.

ಆದರೆ ಎರಡು ವರ್ಷವಾದರೂ ದೇಹ ಯಾಕೆ ಒಗ್ಗಿಕೊಳ್ಳುವುದಿಲ್ಲ? ನನಗೆ ಅಚ್ಚರಿ ತಂದದ್ದು ಇದರ ಉತ್ತರ. ಕಸಿ ಮಾಡಿದ ಕಿಡ್ನಿಯ ಜೊತೆ ದಾನಿಯ ಒಂದಿಷ್ಟು ರೋಗನಿರೋಧಕ ಕೋಶಗಳೂ ಬರುತ್ತವೆ. ಅವು ಟಿ ಕೋಶಗಳನ್ನು ಕೆರಳಿಸುತ್ತವೆ ಎಂಬುದು ಹಳೆಯ ತಿಳಿವಳಿಕೆ. ಆದರೆ ಆ ಕೋಶಗಳು ಬಹಳ ಕಾಲ ಉಳಿಯುವುದಿಲ್ಲ. ಅವು ಹೋದ ಮೇಲೂ ಕೆರಳಿಸುವವರು ಯಾರು? ನಮ್ಮವೇ ಕೋಶಗಳು!

ಕಾವಲು ಕಾಯುವ ನಮ್ಮ ಡೆಂಡ್ರೈಟಿಕ್ ಕೋಶ ದಾನಿಯ ಕೋಶಕ್ಕೆ ತಾಗಿದಾಗ, ಅದರ ಹೊರಪೊರೆಯ ಚೂರನ್ನು ಕಚ್ಚಿಕೊಂಡು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದಕ್ಕೆ ‘ಟ್ರೋಗೋಸೈಟೋಸಿಸ್’ ಎಂದು ಹೆಸರು. ದಾನಿಯ ಅಂಗ ಹೊರಬಿಡುವ ಎಕ್ಸೋಸೋಮ್ ಎಂಬ ಅತಿ ಸಣ್ಣ ಗುಳ್ಳೆಗಳಿಂದಲೂ ಆ ಪ್ರೋಟೀನ್‌ಗಳು ನಮ್ಮ ಕೋಶದ ಮೈ ಸೇರುತ್ತವೆ. ಮೊಹರಂನಲ್ಲಿ ಹುಲಿವೇಷ ಹಾಕಿದ ಹುಡುಗನನ್ನು ನೆನಪಿಸಿಕೊಳ್ಳಿ. ಒಳಗಿರುವವನು ನಮ್ಮ ಓಣಿಯವನೇ, ಮೈಮೇಲೆ ಮಾತ್ರ ಹುಲಿಪಟ್ಟಿ. ಸಣ್ಣ ಮಕ್ಕಳು ಹೆದರಿದಂತೆ ಟಿ ಕೋಶಗಳೂ ಆ ವೇಷ ಕಂಡು ಎಚ್ಚೆತ್ತುಕೊಳ್ಳುತ್ತವೆ.

ಈ ದಾರಿಯ ಬಗ್ಗೆ 2004ರಲ್ಲಿ ಲಂಡನ್ನಿನ ಸಂಶೋಧಕರು ವರದಿ ಮಾಡಿದರು. 2016ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಗಳಲ್ಲಿ ಕಸಿ ಮಾಡಿ ನೋಡಿದಾಗ, ದುಗ್ಧಗ್ರಂಥಿಯಂಥ ಅಂಗಗಳಲ್ಲಿ ದಾನಿಯ ಕೋಶಗಳಿಗಿಂತ ಇಂಥ ವೇಷಧಾರಿ ಕೋಶಗಳೇ ಹೆಚ್ಚು ಕಂಡವು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳ ಕಸಿ ಕಿಡ್ನಿಯ ಒಳಗೂ ಇವು ಸಿಕ್ಕಿದವು. ಇವೆಲ್ಲ ಹೆಚ್ಚಾಗಿ ಇಲಿಗಳಲ್ಲಿ ಕಂಡದ್ದು ನಿಜ. ಆದರೆ ಹೇಳುವ ಮಾತು ಸರಳ: ಕಿಡ್ನಿ ಇರುವಷ್ಟು ಕಾಲ ವೇಷಕ್ಕೆ ಬೇಕಾದ ಬಟ್ಟೆಯೂ ಸಿಗುತ್ತಲೇ ಇರುತ್ತದೆ.

ಬೆಳಿಗ್ಗೆ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಅವರು ಬಿಡಲಿಲ್ಲ. ‘ಅಪ್ಪು ಕಣ್ಣು ಹಾಕಿಸ್ಕೊಂಡವರು ಹಿಂಗ ಜೀವನಪೂರ್ತಿ ಗುಳಿಗಿ ನುಂಗ್ತಾರೇನು?’

ಒಳ್ಳೆಯ ಪ್ರಶ್ನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆದರೆ ಕಣ್ಣಿನ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಕಾವಲು ಕೋಶಗಳ ಓಡಾಟ ಅಲ್ಲಿ ಕಡಿಮೆ. ಸಾಮಾನ್ಯವಾಗಿ ಕಣ್ಣಿನ ಹನಿ ಔಷಧವೇ ಸಾಕಾಗುತ್ತದೆ. ಕಿಡ್ನಿ ಹಾಗಲ್ಲ, ರಕ್ತ ಸೋಸುವುದೇ ಅದರ ಕೆಲಸ.

ಕಾಕಾ ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಅದು ವೇಷ ಹಾಕುವುದನ್ನು ತಡೆಯುವುದಿಲ್ಲ. ವೇಷ ಕಂಡ ಟಿ ಕೋಶದೊಳಗೆ ‘ಏಳು, ಹೊಡಿ’ ಎಂಬ ಸಂದೇಶ ಹೋಗದಂತೆ ತಡೆಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಗಂಟೆಗಂಟೆಗೂ ಇಳಿಯುತ್ತದೆ. ಅದಕ್ಕೇ ಕಾಕಾನಿಗೆ ಬೆಳಿಗ್ಗೆ ಎಂಟು, ರಾತ್ರಿ ಎಂಟು. ಆರಾಮ ಇದ್ದೀನಿ ಅನಿಸಿದರೂ ಗುಳಿಗೆ ಬಿಡುವಂತಿಲ್ಲ.

ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ತಪ್ಪಿಸಿದ್ದನ್ನು ಮುಚ್ಚಿಡದೆ ಹೇಳಿದೆವು. ರಕ್ತ ಪರೀಕ್ಷೆ ಮಾಡಿಸಿದರು. ಅದೃಷ್ಟಕ್ಕೆ ಕಿಡ್ನಿಗೆ ಪೆಟ್ಟು ಬಿದ್ದಿರಲಿಲ್ಲ. ಅತ್ತೆಗೆ ವಿಷಯ ಗೊತ್ತಾಗಿ ಒಂದೇ ಮಾತು ಕೇಳಿದರು: ‘ಕೊಟ್ಟದ್ದನ್ನ ಜ್ವಾಪಾನ ಮಾಡ್ಲಿಕ್ಕೆ ಆಗಂಗಿಲ್ಲೇನಪಾ?’ ಕಾಕಾ ತಲೆ ಎತ್ತಲಿಲ್ಲ.

ಗೆಳೆಯರೇ, ಮನೆಯಲ್ಲಿ ಹಿರಿಯರು ಗುಳಿಗೆ ಬಿಟ್ಟರೆ ನಾವು ಗದರಿಸುತ್ತೇವೆ. ‘ಯಾಕೆ ಬೇಕು’ ಎಂದು ಅವರು ಕೇಳಿದಾಗ ಹೇಳಲು ನಮಗೇ ಗೊತ್ತಿರುವುದಿಲ್ಲ. ಕೈಯಲ್ಲಿ ಮೊಬೈಲ್ ಇದೆ, ಓದಲು ಬರುತ್ತದೆ. ಒಂದು ರಾತ್ರಿ ಕೂತರೆ ಆ ‘ಯಾಕೆ’ಗೆ ಉತ್ತರ ಸಿಗಬಹುದು. ಈಗ ರಾತ್ರಿ ಎಂಟಕ್ಕೆ ಕಾಕಾನ ಫೋನಿನಲ್ಲಿ ಅಲಾರಂ ಬಡಿಯುತ್ತದೆ. ಎಂಟೂ ಐದಕ್ಕೆ ಹಾಸ್ಟೆಲಿನಲ್ಲಿ ನನ್ನ ಫೋನ್ ರಿಂಗಾಗುತ್ತದೆ: ‘ನುಂಗಿದೆ ತಮ್ಮಾ, ಇಡ್ತೀನಿ.’